ಸತ್ತವರ ಹೆಸರಿನ ವಂತಿಗೆ

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಬಾಸ್ಟನ್ ಎಂಬ ಬಂದರು ಪಟ್ಟಣವಿದೆ. ಅಮೆರಿಕದ ಬಾಸ್ಟನ್‌ಗೆ ಹೆಸರು ಕೊಟ್ಟದ್ದು ಇದೇ ಊರು. ಅಲ್ಲಿನ ಸೇಂಟ್ ಮೇರಿ ಗಿಲ್ಡ್ 1517ರ ಸುಮಾರಿಗೆ ತನ್ನ ಕೆಲಸಕ್ಕೆಂದು ರೋಮಿಗೆ ಜನ ಕಳುಹಿಸಿತು. ಅವರಲ್ಲಿ ಒಬ್ಬ ಮೂವತ್ತರ ಆಸುಪಾಸಿನ ಚುರುಕು ಮನುಷ್ಯ, ಥಾಮಸ್ ಕ್ರಾಮ್‌ವೆಲ್. ಗಿಲ್ಡಿನ ಸದಸ್ಯರಿಗೆ ಹಿಂದಿನ ಪೋಪರು ಕೊಟ್ಟಿದ್ದ, ಪಾಪದ ಶಿಕ್ಷೆ ಕಡಿಮೆ ಮಾಡುವ ಕ್ಷಮಾಪತ್ರದ ಸವಲತ್ತುಗಳನ್ನು ಪೋಪ್ ಹತ್ತನೇ ಲಿಯೋನಿಂದ ನವೀಕರಿಸಿಕೊಂಡು ಬರುವುದು ಅವನಿಗೆ ಒಪ್ಪಿಸಿದ್ದ ಕೆಲಸ. ಪೋಪರ ಕಚೇರಿಯಲ್ಲಿ ಸರದಿ ಕಾಯುತ್ತ ಕೂತರೆ ತಿಂಗಳುಗಟ್ಟಲೆ ಆಗುತ್ತದೆಂದು ಕ್ರಾಮ್‌ವೆಲ್ ಬೇಟೆ ಮುಗಿಸಿ ಬರುತ್ತಿದ್ದ ಪೋಪರನ್ನು ದಾರಿಯಲ್ಲೇ ಹಿಡಿದ, ಹಾಡು ಹಾಡಿಸಿದ, ಇಂಗ್ಲಿಷ್ ಸಿಹಿತಿಂಡಿ ತಿನ್ನಿಸಿದ, ಮುದ್ರೆ ಒತ್ತಿಸಿಕೊಂಡ ಎಂದು ಜಾನ್ ಫಾಕ್ಸ್ ತನ್ನ ಹುತಾತ್ಮರ ಚರಿತ್ರೆಯಲ್ಲಿ ಬರೆದಿದ್ದಾನೆ. ಫಾಕ್ಸ್ ಪ್ರಾಟೆಸ್ಟಂಟ್ ಪಕ್ಷಪಾತಿ. ಪೋಪರ ನಾಲಿಗೆ ಚಪಲದ ಬಗ್ಗೆ ಅವನು ಹೇಳುವುದನ್ನು ಸ್ವಲ್ಪ ಉಪ್ಪು ಖಾರ ತೆಗೆದೇ ಓದಬೇಕು. ಆದರೆ ಪ್ರಯಾಣ ನಡೆದದ್ದು ನಿಜ, ಗಿಲ್ಡ್ ಅದಕ್ಕೆ ಧಾರಾಳವಾಗಿ ಖರ್ಚು ಮಾಡಿದ್ದೂ ನಿಜ.

ಇಪ್ಪತ್ತು ವರ್ಷ ಕಳೆಯಿತು. ಅದೇ ಕ್ರಾಮ್‌ವೆಲ್ ಎಂಟನೇ ಹೆನ್ರಿಯ ಬಲಗೈಯಾಗಿ ಮಠಗಳನ್ನು ಮುಚ್ಚಿಸುತ್ತಿದ್ದ, ಸಂತರ ವಿಗ್ರಹಗಳ ಮುಂದೆ ಉರಿಯುತ್ತಿದ್ದ ಮೇಣದಬತ್ತಿಗಳನ್ನು ಆರಿಸುವ ಆಜ್ಞೆ ಹೊರಡಿಸುತ್ತಿದ್ದ. ಇದನ್ನು ವಿಧಿಯ ವ್ಯಂಗ್ಯ ಎಂದು ಹೇಳಿ ಮುಂದೆ ಹೋಗಬಹುದು. ನನಗೆ ಕುತೂಹಲ ಹುಟ್ಟಿಸುವುದು ಬೇರೆ ಸಂಗತಿ. ಒಂದು ಪಟ್ಟಣದ ಭಕ್ತರ ಸಂಘ ಅಷ್ಟು ದುಡ್ಡು ಸುರಿದು ರೋಮಿನವರೆಗೆ ಜನ ಕಳುಹಿಸುವ ಲೆಕ್ಕಾಚಾರವಾದರೂ ಏನಿತ್ತು? ಅಷ್ಟು ಗಟ್ಟಿಯಾಗಿ ಕಾಣುತ್ತಿದ್ದ ಆ ಲೆಕ್ಕ ಮೂವತ್ತೇ ವರ್ಷದಲ್ಲಿ ಮುಗಿದುಹೋದದ್ದು ಹೇಗೆ?

ಗಿಲ್ಡ್ ಎಂದಕೂಡಲೇ ನಮಗೆ ಶಾಲೆಯ ಇತಿಹಾಸ ಪಾಠದ ನೇಕಾರರ, ಅಕ್ಕಸಾಲಿಗರ ಕಸುಬು ಸಂಘಗಳು ನೆನಪಾಗುತ್ತವೆ. ಇಲ್ಲಿ ಹೇಳುತ್ತಿರುವುದು ಅವುಗಳ ಮಾತಲ್ಲ. ಧಾರ್ಮಿಕ ಗಿಲ್ಡ್ ಎಂದರೆ ಒಬ್ಬ ಸಂತನ ಹೆಸರಿನಲ್ಲಿ ಊರಿನ ಗಂಡಸರು, ಹೆಂಗಸರು ಸೇರಿ ಕಟ್ಟಿಕೊಂಡ ಸಂಘ. ಸತ್ತ ಮೇಲೆ ಆತ್ಮ ನೇರ ಸ್ವರ್ಗಕ್ಕೆ ಹೋಗುವುದಿಲ್ಲ, ಪರ್ಗೆಟರಿ ಎಂಬ ಶುದ್ಧೀಕರಣದ ಬೆಂಕಿಯಲ್ಲಿ ಬಹುಕಾಲ ಬೇಯಬೇಕು, ಬದುಕಿರುವವರು ಬಲಿಪೂಜೆ ಮಾಡಿಸಿ ಪ್ರಾರ್ಥಿಸಿದರೆ ಆ ಕಾಲ ಕಡಿಮೆಯಾಗುತ್ತದೆ ಎಂಬುದು ಅಂದಿನ ನಂಬಿಕೆ. ಸಿರಿವಂತನಾದರೆ ತನ್ನ ಹೆಸರಿನಲ್ಲೇ ಒಬ್ಬ ಪಾದ್ರಿಯನ್ನು ನೇಮಿಸಿ, ಅವನ ಸಂಬಳಕ್ಕೆ ಹೊಲ ಬಿಟ್ಟು ಸಾಯುತ್ತಿದ್ದ. ಚಮ್ಮಾರ, ರೊಟ್ಟಿ ಸುಡುವವ, ವಿಧವೆ ಏನು ಮಾಡಬೇಕು? ಹತ್ತಾರು ಮಂದಿ ಸೇರಿ ಒಬ್ಬ ಪಾದ್ರಿಯನ್ನು ಇಟ್ಟುಕೊಳ್ಳಬೇಕು. ನಮ್ಮ ಊರುಗಳ ಸ್ವಸಹಾಯ ಸಂಘದ ಉಳಿತಾಯ ಪೆಟ್ಟಿಗೆಯಂತೆಯೇ ಇದರ ವ್ಯವಹಾರ. ಕಂತು ಕಟ್ಟುವುದು ಈ ಲೋಕದಲ್ಲಿ, ಸಾಲ ತೀರುವುದು ಆ ಲೋಕದಲ್ಲಿ.

ಇವುಗಳ ಒಳಗುಟ್ಟು ನಮಗೆ ಇಷ್ಟಾದರೂ ತಿಳಿದಿರುವುದು ಒಬ್ಬ ರಾಜನ ಅನುಮಾನದಿಂದ. 1388ರಲ್ಲಿ ಕೇಂಬ್ರಿಡ್ಜಿನಲ್ಲಿ ಸೇರಿದ ಸಂಸತ್ತಿನ ನಂತರ ಎರಡನೇ ರಿಚರ್ಡ್‌ನ ಸರ್ಕಾರ ದೇಶದ ಗಿಲ್ಡುಗಳಿಗೆಲ್ಲ ಆಜ್ಞೆ ಹೊರಡಿಸಿತು: ನಿಮ್ಮ ಹುಟ್ಟು, ನಿಯಮ, ಆಸ್ತಿಪಾಸ್ತಿ ಎಲ್ಲವನ್ನೂ ಬರೆದು 1389ರ ಫೆಬ್ರುವರಿ 2ರೊಳಗೆ ಕಳುಹಿಸಿ. ಉತ್ತರಗಳಲ್ಲಿ ಸುಮಾರು 500 ಇಂದಿಗೂ ಉಳಿದಿವೆ. ತೆರಿಗೆಯ ವಾಸನೆ ಹಿಡಿದವರು ಬರೆದ ಉತ್ತರಗಳಾದ್ದರಿಂದ ಹೆಚ್ಚಿನವು ಬಡತನದ ರಾಗ ಹಾಡುತ್ತವೆ: ನಮಗೆ ಆಸ್ತಿ ಇಲ್ಲ, ಇರುವುದು ನಾಲ್ಕು ಮೇಣದಬತ್ತಿ.

ಸ್ಟ್ರಾಟ್‌ಫರ್ಡ್ ಅಪಾನ್ ಏವನ್‌ನ ಹೋಲಿ ಕ್ರಾಸ್ ಗಿಲ್ಡ್ ಕೊಟ್ಟ ಉತ್ತರ ಇವುಗಳಲ್ಲಿ ಸೊಗಸಾದದ್ದು. ಪ್ರತಿ ಸದಸ್ಯ ವರ್ಷಕ್ಕೆ 4 ಪೆನ್ನಿ, ನಾಲ್ಕು ಕಂತಿನಲ್ಲಿ. ಆ ಹಣದಲ್ಲಿ ಶಿಲುಬೆಯ ಮುಂದೆ ಒಂದು ಮೇಣದಬತ್ತಿ ಬಲಿಪೂಜೆಯ ಹೊತ್ತಿಗೆ ಉರಿಯಬೇಕು. ಸದಸ್ಯನೊಬ್ಬ ತೀರಿಕೊಂಡರೆ ಗಿಲ್ಡಿನ ಬತ್ತಿಗಳು ಸತ್ತವನ ಮನೆಗೆ ಹೋಗಿ, ಹೆಣ ಚರ್ಚಿಗೆ ಹೊರಡುವವರೆಗೆ ಅಲ್ಲಿ ಉರಿಯಬೇಕು. ಈಸ್ಟರ್ ವಾರದ ಊಟಕ್ಕೆ ಪ್ರತಿಯೊಬ್ಬರೂ ಒಂದು ದೊಡ್ಡ ಚೊಂಬು ತರಬೇಕು. ಚೊಂಬುಗಳಿಗೆಲ್ಲ ಏಲ್ ಎಂಬ ಬಿಯರ್ ತುಂಬಿಸಿ, ಪ್ರಾರ್ಥನೆ ಮುಗಿಯುವವರೆಗೆ ಯಾರೂ ಮುಟ್ಟದೆ ಇದ್ದು, ಆಮೇಲೆ ಅದನ್ನು ಬಡವರಿಗೆ ಹಂಚಬೇಕು. ಲೆಕ್ಕಪತ್ರ, ಭಕ್ತಿ, ಊಟ ಮೂರೂ ಒಂದೇ ಪುಟದಲ್ಲಿ ಕೂತಿರುವುದು ನೋಡಿದರೆ, ಇವನ್ನು ಬಿಡಿಸಿ ನೋಡುವ ಅಭ್ಯಾಸ ನಮ್ಮದೇ ಹೊರತು ಅವರದಲ್ಲ ಅನ್ನಿಸುತ್ತದೆ.

ದೊಡ್ಡ ಗಿಲ್ಡುಗಳಲ್ಲಿ ಪ್ರವೇಶ ಶುಲ್ಕ ಸಾಮಾನ್ಯವಾಗಿ 6 ಶಿಲಿಂಗ್ 8 ಪೆನ್ನಿ, ಅಂದರೆ 80 ಪೆನ್ನಿ. 1500ರ ಸುಮಾರಿಗೆ ಕೂಲಿಯವನ ದಿನದ ದುಡಿಮೆ 4 ಪೆನ್ನಿ, ನುರಿತ ಬಡಗಿಯದು 6 ಪೆನ್ನಿ. ಹಾಗಾಗಿ ಇದು ಕೂಲಿಕಾರನ ಇಪ್ಪತ್ತು ದಿನದ ಗಳಿಕೆ. ಇನ್ನೊಂದು ಕಡೆಯಿಂದ ನೋಡಿ: ಒಬ್ಬ ಗಿಲ್ಡ್ ಪಾದ್ರಿಯ ವರ್ಷದ ಸಂಬಳ 5-6 ಪೌಂಡ್. 6 ಪೌಂಡ್ ಎಂದರೆ 1,440 ಪೆನ್ನಿ. ಒಬ್ಬನೇ ಒಬ್ಬ ಪಾದ್ರಿಯನ್ನು ಬರೀ ಪ್ರವೇಶ ಶುಲ್ಕದಿಂದ ಸಾಕಬೇಕೆಂದರೆ ವರ್ಷಕ್ಕೆ 18 ಹೊಸ ಸದಸ್ಯರು ಬೇಕು, ವರ್ಷವೂ ಬೇಕು. ಈ 18 ಎಂಬ ಸಂಖ್ಯೆ ಮುಂದೆ ಕೆಲಸಕ್ಕೆ ಬರುತ್ತದೆ.

ಅದಕ್ಕೇ ಗಿಲ್ಡುಗಳು ಸದಸ್ಯರನ್ನು ಹುಡುಕಿಕೊಂಡು ಹೊರಟವು. ವೇಲ್ಸ್ ಗಡಿಯ ಲಡ್ಲೋ ಪಟ್ಟಣದ ಪಾಮರ್ಸ್ ಗಿಲ್ಡಿನ ಮೇಲ್ವಿಚಾರಕರು ಕುದುರೆ ಏರಿ ಊರೂರು ಸುತ್ತಿ ಹೆಸರು ಬರೆಸಿಕೊಳ್ಳುತ್ತಿದ್ದರು, ಹಳೆಯ ಬಾಕಿ ವಸೂಲು ಮಾಡುತ್ತಿದ್ದರು. ಯಾರು ಎಷ್ಟು ಕಟ್ಟಿದರು, ಎಷ್ಟು ಬಾಕಿ ಎಂದು ಅವರು ಬರೆದಿಟ್ಟ ಪುಸ್ತಕಗಳು ಇನ್ನೂ ಇವೆ. ಸ್ಟ್ರಾಟ್‌ಫರ್ಡ್‌ನಲ್ಲಿ ಕೈಯಲ್ಲಿ ಕಾಸಿಲ್ಲದವರು ಸಾಮಾನು ಕೊಟ್ಟೋ ಕೆಲಸ ಮಾಡಿಕೊಟ್ಟೋ ಸೇರುತ್ತಿದ್ದರು. ಇನ್ನೂ ಸ್ವಾರಸ್ಯವೆಂದರೆ ಸತ್ತವರನ್ನೂ ಸೇರಿಸಬಹುದಿತ್ತು. ತೀರಿಹೋದ ಅಪ್ಪ, ಅಮ್ಮ, ಮೊದಲ ಹೆಂಡತಿಯ ಆತ್ಮಗಳಿಗೆ ಮಗನೋ ಗಂಡನೋ ಶುಲ್ಕ ಕಟ್ಟಿದರೆ ಅವರ ಹೆಸರೂ ಪ್ರಾರ್ಥನೆಯ ಪಟ್ಟಿಗೆ ಏರುತ್ತಿತ್ತು. ಯಾರ್ಕ್ ನಗರದಲ್ಲಿ 1408ರಲ್ಲಿ ಹುಟ್ಟಿದ ಕಾರ್ಪಸ್ ಕ್ರಿಸ್ಟಿ ಗಿಲ್ಡ್ ಮುಚ್ಚುವ ಹೊತ್ತಿಗೆ ಅದರ ದಾಖಲೆಯಲ್ಲಿ 16 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು. ಬಾಸ್ಟನ್ನಿನವರು ಕ್ರಾಮ್‌ವೆಲ್‌ನನ್ನು ರೋಮಿಗೆ ಅಟ್ಟಿದ್ದು ಇದಕ್ಕೇ. ಬೇರೆ ಗಿಲ್ಡ್ ಪ್ರಾರ್ಥನೆಯನ್ನಷ್ಟೇ ಕೊಡಬಲ್ಲದು. ನಮ್ಮಲ್ಲಿ ಸೇರಿದರೆ ಪೋಪರ ಮುದ್ರೆಯ ಕ್ಷಮಾಪತ್ರವೂ ಸಿಗುತ್ತದೆ ಎನ್ನುವುದು ಅವರ ವ್ಯಾಪಾರದ ಗುಟ್ಟು. ಆ ಪತ್ರದ ಬಲದಿಂದ ಅವರ ಸದಸ್ಯರು ಇಂಗ್ಲೆಂಡಿನ ಉದ್ದಗಲಕ್ಕೂ ಇದ್ದರು.

ಹಳ್ಳಿಯ ಕಡೆ ದುಡ್ಡಿನ ರೂಪವೇ ಬೇರೆ. ಎಕ್ಸ್‌ಮೂರ್ ಬಯಲಿನ ಅಂಚಿನಲ್ಲಿ ಮೋರ್‌ಬಾತ್ ಎಂಬ, ಮೂವತ್ತಮೂರು ಮನೆಗಳ ಹಳ್ಳಿ ಇತ್ತು. 1520ರಿಂದ 1574ರವರೆಗೆ ಅಲ್ಲಿ ಪಾದ್ರಿಯಾಗಿದ್ದ ಸರ್ ಕ್ರಿಸ್ಟೋಫರ್ ಟ್ರಿಕಿ ಚರ್ಚಿನ ಲೆಕ್ಕವನ್ನೆಲ್ಲ ತನ್ನ ಕೈಯಾರೆ ಬರೆದಿಟ್ಟ. ಇತಿಹಾಸಕಾರ ಈಮನ್ ಡಫಿ 2001ರಲ್ಲಿ ಆ ಲೆಕ್ಕಪುಸ್ತಕದಿಂದಲೇ ಇಡೀ ಊರನ್ನು ಎಬ್ಬಿಸಿ ನಿಲ್ಲಿಸಿದರು. ಮೋರ್‌ಬಾತ್‌ನಲ್ಲಿ ಗಿಲ್ಡ್ ಎನ್ನುವಷ್ಟು ದೊಡ್ಡದೇನೂ ಇರಲಿಲ್ಲ, ಅದರ ಚಿಕ್ಕ ತಮ್ಮಂದಿರಿದ್ದರು. ಮೇರಿ ಮಾತೆಗೊಂದು ನಿಧಿ, ಸಂತ ಆಂಟನಿಗೊಂದು, ಸಂತ ಸಿಡ್‌ವೆಲ್‌ಗೊಂದು, ಊರ ಹುಡುಗರಿಗೊಂದು, ಹುಡುಗಿಯರಿಗೊಂದು. ನಿಧಿಯೆಂದರೆ ಮುಖ್ಯವಾಗಿ ಕುರಿ. ಸಂತನ ಎರಡು ಕುರಿ ಈ ರೈತನ ಮಂದೆಯಲ್ಲಿ, ಒಂದು ಆ ರೈತನ ಮಂದೆಯಲ್ಲಿ. ಸಾಕುವವನಿಗೆ ಕೂಲಿಯಿಲ್ಲ. ವರ್ಷಕ್ಕೊಮ್ಮೆ ಊರವರ ಮುಂದೆ ಪಾದ್ರಿ ಲೆಕ್ಕ ಓದುತ್ತಿದ್ದ: ಇಂಥವನ ಬಳಿ ಮೇರಿ ಮಾತೆಯ ಇಷ್ಟು ಕುರಿ, ಇಷ್ಟು ಸತ್ತವು, ಇಷ್ಟು ಮರಿ ಹಾಕಿದವು, ಉಣ್ಣೆ ಇಷ್ಟಕ್ಕೆ ಹೋಯಿತು. ದೇವರ ಕುರಿ ತನ್ನ ಮಂದೆಯಲ್ಲಿದೆ ಎಂದರೆ ಬಡ ರೈತನೂ ಊರ ಲೆಕ್ಕದಲ್ಲಿ ಹೆಸರಿರುವ ಮನುಷ್ಯ. ಆ ಉಣ್ಣೆಯ ಕಾಸು ಸಂತನ ಮುಂದಿನ ಮೇಣದಬತ್ತಿಗೆ. ಚರ್ಚಿನ ದೊಡ್ಡ ಖರ್ಚಿಗೆ ಊರಿಗೆಲ್ಲ ಏಲ್ ಮಾರುವ ಹಬ್ಬಗಳಿದ್ದವು.

ಪೂರ್ವದ ಕಿಂಗ್ಸ್ ಲಿನ್ ಬಂದರಿನಲ್ಲಿ (ಆಗ ಅದು ಬಿಷಪ್ಸ್ ಲಿನ್) ಟ್ರಿನಿಟಿ ಗಿಲ್ಡ್ ವರ್ತಕರಿಗೆ ಸಾಲ ಕೊಡುತ್ತಿತ್ತು, ಪಟ್ಟಣದ ಆಡಳಿತಕ್ಕೂ ಕೊಡುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಅದು ಭಕ್ತರ ಕೂಟವೋ ಊರಿನ ಬ್ಯಾಂಕೋ ಹೇಳುವುದು ಕಷ್ಟ.

ಆದರೆ ಭದ್ರವಾದ ಆದಾಯ ಎಂದರೆ ಬಾಡಿಗೆ. ಸಾಯುವಾಗ ಸದಸ್ಯರು ಬಿಟ್ಟುಹೋದ ಮನೆ, ಅಂಗಡಿ, ಹೊಲ. ಕೇಂಬ್ರಿಡ್ಜಿನ ಎರಡು ಗಿಲ್ಡುಗಳು 1352ರಲ್ಲಿ ಸೇರಿ ಕಾರ್ಪಸ್ ಕ್ರಿಸ್ಟಿ ಕಾಲೇಜನ್ನೇ ಕಟ್ಟಿದವು. ಊರ ಮನೆಗಳಿಂದ ಮೇಣದಬತ್ತಿಯ ಹೆಸರಿನಲ್ಲಿ ಅದಕ್ಕೆ ಸಲ್ಲುತ್ತಿದ್ದ ಬಾಡಿಗೆ ಜನರಿಗೆ ಎಷ್ಟು ಉರಿ ತಂದಿತ್ತೆಂದರೆ 1381ರ ರೈತ ದಂಗೆಯಲ್ಲಿ ಊರವರೇ ಕಾಲೇಜಿಗೆ ನುಗ್ಗಿದರು. ಇತ್ತ ರಾಜನಿಗೂ ಕಸಿವಿಸಿ. ಮನುಷ್ಯ ಸತ್ತರೆ ಆಸ್ತಿ ಕೈ ಬದಲಾಗುತ್ತದೆ, ಒಡೆಯನಿಗೆ ಕಾಣಿಕೆ ಬರುತ್ತದೆ, ಸಂಘಕ್ಕೆ ಸಾವಿಲ್ಲ. ಸಾವಿಲ್ಲದವರ ಕೈಗೆ ಭೂಮಿ ಹೋಗಬಾರದೆಂದು 1279ರಲ್ಲೇ ಚರ್ಚುಗಳಿಗೆ ಹಾಕಿದ್ದ ಕಟ್ಟನ್ನು 1391ರಲ್ಲಿ ಗಿಲ್ಡುಗಳಿಗೂ ಬಿಗಿದರು. ಅಂದಿನಿಂದ ಭೂಮಿ ಪಡೆಯಲು ರಾಜನ ಅನುಮತಿ ಬೇಕು, ಅನುಮತಿಗೆ ದುಡ್ಡು ಬೇಕು. ದುಡ್ಡಿಲ್ಲದ ಸಣ್ಣ ಗಿಲ್ಡುಗಳು ನಾಲ್ಕಾರು ನಂಬಿಕಸ್ಥರ ಹೆಸರಿಗೆ ಆಸ್ತಿ ಬರೆಸಿ ಹಿಂಬಾಗಿಲಿನಿಂದ ಅನುಭವಿಸಿದವು. ಈ ಜಾಣತನ ಎಲ್ಲ ದೇಶದಲ್ಲೂ ಇದೆ.

ಖರ್ಚಿನ ಬಗ್ಗೆ ಒಂದು ಮಾತು. ಬೆಂಕಿ, ಕಳ್ಳತನ, ಕಾಯಿಲೆಯಿಂದ ಕೆಳಗೆ ಬಿದ್ದ ಸದಸ್ಯನಿಗೆ ವಾರಕ್ಕೆ 7 ಪೆನ್ನಿ, ಲಂಡನ್ನಿನಲ್ಲಾದರೆ 14 ಪೆನ್ನಿ ಕೊಡುತ್ತೇವೆಂದು ಹಲವು ಗಿಲ್ಡುಗಳು 1389ರ ಉತ್ತರದಲ್ಲಿ ಬರೆದಿವೆ. ಹತ್ತೊಂಬತ್ತನೇ ಶತಮಾನದ ವಿದ್ವಾಂಸರು ಇದನ್ನು ಓದಿ ಕಾರ್ಮಿಕ ವಿಮೆಯ ಬೀಜ ಇಲ್ಲೇ ಇದೆ ಎಂದು ಹಿಗ್ಗಿದರು. ನಂತರದವರು ಎಣಿಸಿ ನೋಡಿದರೆ ಅಂಥ ನೆರವಿನ ಮಾತು ಕೊಟ್ಟವು ಸುಮಾರು ಮೂರರಲ್ಲಿ ಒಂದು ಪಾಲು. ಉಳಿದಿರುವ ಲೆಕ್ಕಪುಸ್ತಕಗಳಲ್ಲಿ ನಿಜವಾಗಿ ಕೊಟ್ಟದ್ದು ಇನ್ನೂ ಕಡಿಮೆ. ದುಡ್ಡು ಹೋಗುತ್ತಿದ್ದದ್ದು ಪಾದ್ರಿಗೆ, ಮೇಣಕ್ಕೆ, ಊಟಕ್ಕೆ, ಮನೆಗಳ ರಿಪೇರಿಗೆ. 1519ರಲ್ಲಿ ಧರ್ಮಸುಧಾರಕ ಲೂಥರ್ ಜರ್ಮನಿಯ ಇಂಥ ಸಂಘಗಳ ಮೇಲೆ ಹರಿಹಾಯ್ದದ್ದೂ ಅಲ್ಲೇ: ಸಂತನ ಹೆಸರು ಹೇಳಿ ಬಿಯರ್ ಪೀಪಾಯಿಗೆ ದುಡ್ಡು ಕೂಡಿಸುತ್ತಾರೆ ಎಂದ. ಅರ್ಧ ಸತ್ಯ. ಒಟ್ಟಿಗೆ ಕೂತು ಉಣ್ಣದ ಸಂಘಕ್ಕೆ ಮರುವರ್ಷ ವಂತಿಗೆ ಕಟ್ಟುವವರು ಯಾರು?

ಇಷ್ಟರಲ್ಲಿ ಈ ಹಣಕಾಸಿನ ಮೆತ್ತನೆಯ ಜಾಗ ಎಲ್ಲಿದೆ ಎಂಬುದು ಕಾಣುತ್ತದೆ. ಸತ್ತವನಿಗೆ ಗಿಲ್ಡ್ ಕೊಟ್ಟ ಮಾತು ಎಂದೆಂದಿಗೂ ನಡೆಯಬೇಕಾದದ್ದು. ಅವನು ಕಟ್ಟಿದ ಹಣ ಒಂದೇ ಸಲ ಬಂದು ಖರ್ಚಾಗಿ ಹೋದದ್ದು. ನಡುವಿನ ಅಂತರವನ್ನು ತುಂಬುವವರು ಹೊಸದಾಗಿ ಸೇರುವವರು. ಅವರು ಸೇರುವುದು ತಮ್ಮ ನಂತರವೂ ಜನ ಸೇರುತ್ತಾರೆ ಎಂಬ ಧೈರ್ಯದಿಂದ. ಆ ಧೈರ್ಯವೇ ಗಿಲ್ಡಿನ ನಿಜವಾದ ಬಂಡವಾಳ. ನನ್ನ ಮಟ್ಟಿಗೆ ಗಿಲ್ಡುಗಳು ಮುಳುಗಿದ್ದು ಜನ ದೇವರನ್ನು ನಂಬುವುದು ಬಿಟ್ಟದ್ದರಿಂದಲ್ಲ. ನಾಳೆಯನ್ನು ನಂಬುವುದು ಬಿಟ್ಟದ್ದರಿಂದ.

ಮೊದಲ ಪೆಟ್ಟು ಬಿದ್ದದ್ದು ಪಟ್ಟಣಗಳ ಬಡತನದಿಂದ. ಕವೆಂಟ್ರಿಯನ್ನು ನೋಡಿ. ಉಣ್ಣೆ ಬಟ್ಟೆಯಿಂದ ಮೆರೆದ ನಗರ. ಅಲ್ಲಿ ಊರ ಹಿರಿಯನಾಗುವ ದಾರಿ ಗಿಲ್ಡುಗಳ ಮೂಲಕವೇ ಹಾದುಹೋಗುತ್ತಿತ್ತು: ಮೊದಲು ಕಾರ್ಪಸ್ ಕ್ರಿಸ್ಟಿ ಗಿಲ್ಡಿನ ಮುಖ್ಯಸ್ಥ, ಆಮೇಲೆ ಮೇಯರ್, ಅದಾದ ಮೇಲೆ ಟ್ರಿನಿಟಿ ಗಿಲ್ಡಿನ ಮುಖ್ಯಸ್ಥ. 1520ರ ದಶಕದ ಹೊತ್ತಿಗೆ ಬಟ್ಟೆ ವ್ಯಾಪಾರ ಕುಸಿದು, ಊರಿನ ಜನ ಏಳು ಸಾವಿರಕ್ಕಿಂತ ಕೆಳಗಿಳಿದರು, 500ಕ್ಕೂ ಹೆಚ್ಚು ಮನೆಗಳು ಖಾಲಿ ಬಿದ್ದವು. ಖಾಲಿ ಮನೆ ಬಾಡಿಗೆ ತರುವುದಿಲ್ಲ, ಮಾಡು ಸೋರುವುದಂತೂ ನಿಲ್ಲುವುದಿಲ್ಲ. ಪದವಿಗೆ ಬಂದವನು ಕೈಯಿಂದ ಮಾಡಬೇಕಾದ ಊಟ ಮೆರವಣಿಗೆಗಳ ಖರ್ಚು ನೋಡಿ ಹಣವಂತರೇ ಹಿಂದೆ ಸರಿಯತೊಡಗಿದರು. 1530ರ ದಶಕದಲ್ಲಿ ಕಾರ್ಪಸ್ ಕ್ರಿಸ್ಟಿ ಗಿಲ್ಡನ್ನು ಟ್ರಿನಿಟಿಯೊಳಗೆ ವಿಲೀನ ಮಾಡಬೇಕಾಯಿತು.

ಎಲ್ಲ ಕಡೆಯೂ ಹೀಗೆಯೇ ಇರಲಿಲ್ಲ. ನಾರ್ಫಕ್, ಸಫಕ್‌ನ ಹಳ್ಳಿಗಳಲ್ಲಿ 1520ರವರೆಗೂ ಜನ ತಮ್ಮ ಉಯಿಲಿನಲ್ಲಿ ಗಿಲ್ಡಿಗೆ ಕಾಸು ಬಿಡುತ್ತಲೇ ಇದ್ದರು. ಎರಡನೆಯ ಪೆಟ್ಟು ಬಿದ್ದದ್ದು ಅರಮನೆಯಿಂದ, ಮತ್ತು ಅದು ಒಂದೇ ಏಟಿನಲ್ಲಿ ಬೀಳಲಿಲ್ಲ. 1532ರ ಒಂದು ಕಾನೂನು ಗಿಲ್ಡ್, ಚರ್ಚುಗಳಲ್ಲಿ ಪ್ರಾರ್ಥನೆ ನಡೆಸಲೆಂದು ನಂಬಿಕಸ್ಥರ ಹೆಸರಿಗೆ ಭೂಮಿ ಬಿಟ್ಟರೆ ಅದು 20 ವರ್ಷಕ್ಕಷ್ಟೇ ಊರ್ಜಿತ ಎಂದಿತು. ಎಂದೆಂದಿಗೂ ಎಂಬುದಕ್ಕೆ ಅವಧಿ ಗೊತ್ತುಮಾಡಿದ ಹಾಗಾಯಿತು. 1534ರಲ್ಲಿ ಹೆನ್ರಿ ರೋಮಿನ ನಂಟು ಕಡಿದುಕೊಂಡಾಗ ಬಾಸ್ಟನ್ನಿನ ಕ್ಷಮಾಪತ್ರಗಳು ರಾತ್ರೋರಾತ್ರಿ ರದ್ದಿ ಕಾಗದವಾದವು. 1536ರಿಂದ ಮಠಗಳು ಮುಚ್ಚತೊಡಗಿದವು. 1538ರಲ್ಲಿ ಕ್ರಾಮ್‌ವೆಲ್‌ನ ಆಜ್ಞೆ ಸಂತರ ಮುಂದಿನ ಬತ್ತಿಗಳನ್ನು ನಿಷೇಧಿಸಿತು. ಸುಮಾರು ಗಿಲ್ಡುಗಳಿಗೆ ಆ ಬತ್ತಿಯೇ ಹುಟ್ಟಿನ ಕಾರಣ.

ಗಿಲ್ಡುಗಳನ್ನು ಮುಟ್ಟುತ್ತೇವೆಂದು ಯಾರೂ ಇನ್ನೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪಕ್ಕದ ಮಠದ ಸೀಸದ ಚಾವಣಿಯನ್ನು ಕಿತ್ತು ಗಾಡಿಗೆ ಹೇರುವುದನ್ನು ಕಣ್ಣಾರೆ ಕಂಡ ವರ್ತಕ, ತನ್ನ ಆತ್ಮಕ್ಕೆಂದು ಗಿಲ್ಡಿಗೆ ಮನೆ ಬರೆದುಕೊಡುತ್ತಾನೆಯೇ? ಸ್ಟ್ರಾಟ್‌ಫರ್ಡ್‌ನಲ್ಲಿ 1406ರಿಂದ ನಡೆದುಬಂದ ಸದಸ್ಯರ ದಾಖಲೆ ಪುಸ್ತಕ 1535ಕ್ಕೆ ನಿಲ್ಲುತ್ತದೆ. ವರ್ಷಕ್ಕೆ 18 ಹೊಸ ಸದಸ್ಯರು ಎಂಬ ನಮ್ಮ ಲೆಕ್ಕ ಹಾಕಿದರೆ, ಕಾನೂನು ಬರುವ ಹತ್ತು ವರ್ಷ ಮೊದಲೇ ಕಥೆ ಮುಗಿಯುತ್ತ ಬಂದಿತ್ತು. ಕೆಲವೆಡೆ ಊರ ದೊಡ್ಡವರು ರಾಜನಿಗಿಂತ ಮೊದಲು ನಾವೇ ಎಂದು ಗಿಲ್ಡಿನ ಬೆಳ್ಳಿ, ಹೊಲಗಳನ್ನು ಮಾರಿಕೊಂಡರು. 1545ರ ಕಾಯ್ದೆಯ ಪೀಠಿಕೆ ಇಂಥ ಖಾಸಗಿ ಕಬಳಿಕೆಯನ್ನೇ ನೆಪ ಮಾಡಿಕೊಂಡು, ಫ್ರಾನ್ಸ್ ಮತ್ತು ಸ್ಕಾಟ್ಲೆಂಡ್ ಯುದ್ಧದ ಖರ್ಚನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ಈ ಆಸ್ತಿಗಳನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ರಾಜನಿಗೆ ಕೊಟ್ಟಿತು. 1546ರಲ್ಲಿ ಸರ್ವೆ ನಡೆಯಿತು. 1547ರ ಜನವರಿಯಲ್ಲಿ ಹೆನ್ರಿ ಸತ್ತ, ಕಾಯ್ದೆಯೂ ಅವನೊಂದಿಗೆ ಸತ್ತಿತು.

ಹತ್ತು ವರ್ಷದ ಬಾಲಕ ಆರನೇ ಎಡ್ವರ್ಡ್‌ನ ಹೆಸರಿನಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ಹೊಸ ಕಾಯ್ದೆ ಬಂತು. ಈ ಸಲ ಕಾರಣ ದುಡ್ಡಲ್ಲ, ಧರ್ಮ: ಪರ್ಗೆಟರಿ ಎಂಬುದೇ ಮೂಢನಂಬಿಕೆ, ಅದಕ್ಕೆ ಬಿಟ್ಟ ಆಸ್ತಿ ಶಾಲೆಗೆ, ಬಡವರಿಗೆ ಹೋಗಲಿ. 1548ರ ಈಸ್ಟರಿನಿಂದ ಧಾರ್ಮಿಕ ಗಿಲ್ಡುಗಳು ರದ್ದು. ಕಸುಬಿನ ಗಿಲ್ಡುಗಳು ಉಳಿದವು, ಪ್ರಾರ್ಥನೆಗೆಂದು ಎತ್ತಿಟ್ಟ ಬಾಡಿಗೆಯನ್ನು ಮಾತ್ರ ಅವು ರಾಜನಿಗೆ ಕಟ್ಟಬೇಕಾಯಿತು. ಲಂಡನ್ನಿನ ಕಂಪನಿಗಳು 1550ರಲ್ಲಿ 20 ವರ್ಷದ ಮೊತ್ತವನ್ನು ಒಟ್ಟಿಗೆ ಕೊಟ್ಟು ಆ ಹೊರೆ ಇಳಿಸಿಕೊಂಡವು. ಶಾಲೆ, ಬಡವರ ಮಾತು ಪೀಠಿಕೆಯಲ್ಲಿ ಚೆನ್ನಾಗಿತ್ತು. ನಡೆಯುತ್ತಿದ್ದ ಶಾಲೆಗಳನ್ನು ಮುಂದುವರಿಸಿ ಎಂಬ ಆದೇಶವೂ ಹೊರಟಿತು. ಆದರೆ ಆಸ್ತಿ ಮಾರಾಟ ತರಾತುರಿಯಲ್ಲಿ ನಡೆದದ್ದು ಸ್ಕಾಟ್ಲೆಂಡಿನ ಯುದ್ಧಕ್ಕೆ.

ಈ ಮಸೂದೆ ಚರ್ಚೆಗೆ ಬಂದಾಗ ಸಂಸತ್ತಿನಲ್ಲಿ ಎದ್ದು ನಿಂತವರು ಎರಡು ಊರಿನವರು, ಲಿನ್ ಮತ್ತು ಕವೆಂಟ್ರಿಯ ಪ್ರತಿನಿಧಿಗಳು. ಗಿಲ್ಡ್ ಹೋದರೆ ನಮ್ಮ ಊರೇ ಹೋಗುತ್ತದೆ ಎಂದು ಅವರು ಮಸೂದೆಯನ್ನು ತಡೆದು ನಿಲ್ಲಿಸಿದರು. ಲಿನ್‌ನವರಿಗೆ ಗಿಲ್ಡಿನ ಹಣವಿಲ್ಲದೆ ಬಂದರಿನ ಕಟ್ಟೆ ನಿಲ್ಲದು. ಸರ್ಕಾರ ಅವರನ್ನು ಬದಿಗೆ ಕರೆಯಿತು: ಸುಮ್ಮನಿರಿ, ನಿಮ್ಮ ಆಸ್ತಿ ನಿಮಗೇ ವಾಪಸ್. ಅವರು ಸುಮ್ಮನಾದರು, ಮಸೂದೆ ಪಾಸಾಯಿತು, 1548ರ ಮೇ ತಿಂಗಳಲ್ಲಿ ರಾಜನ ಮಂತ್ರಿಮಂಡಲ ಆ ಮಾತನ್ನು ದಾಖಲಿಸಿತು. ಬಾಯಿ ಇದ್ದವರು ಬದುಕಿಕೊಂಡರು. ಮೋರ್‌ಬಾತ್‌ನ ಕುರಿಗಳಿಗೆ ಸಂಸತ್ತಿನಲ್ಲಿ ಪ್ರತಿನಿಧಿ ಇರಲಿಲ್ಲ. ರಾಜನ ಆಯುಕ್ತರು ಬಂದ ಕಾಲಕ್ಕೆ ಅವನ್ನೆಲ್ಲ ಮಾರಿಯಾಗಿತ್ತು, ಏಲ್ ಹಬ್ಬ ನಿಂತಿತ್ತು, ಹುಡುಗರ ಸಂಘವೂ ಇರಲಿಲ್ಲ. 1549ರಲ್ಲಿ ಹೊಸ ಪ್ರಾರ್ಥನಾ ಪುಸ್ತಕದ ವಿರುದ್ಧ ದಂಗೆ ಎದ್ದಾಗ ಆ ಪುಟ್ಟ ಹಳ್ಳಿ ಐವರು ಯುವಕರನ್ನು ಆಯುಧ ಕೊಟ್ಟು ಎಕ್ಸೆಟರಿನ ಹೊರಗಿದ್ದ ದಂಗೆಕೋರರ ಶಿಬಿರಕ್ಕೆ ಕಳುಹಿಸಿತು. ಖರ್ಚು ಚರ್ಚಿನ ಲೆಕ್ಕದಲ್ಲಿದೆ.

ಸ್ಟ್ರಾಟ್‌ಫರ್ಡ್ ಐದಾರು ವರ್ಷ ಅತ್ತ ಗಿಲ್ಡೂ ಇಲ್ಲದೆ ಇತ್ತ ಪುರಸಭೆಯೂ ಇಲ್ಲದೆ ಕಳೆಯಿತು. 1553ರ ಜೂನ್ 28ರಂದು, ಸಾಯಲು ವಾರವಷ್ಟೇ ಉಳಿದಿದ್ದ ಎಡ್ವರ್ಡ್‌ನ ಹೆಸರಿನಲ್ಲಿ, ಪುರಸಭೆಯ ಸನ್ನದು ಬಂತು. ಗಿಲ್ಡಿನ ಆಸ್ತಿಯೇ ಪುರಸಭೆಯ ಆಸ್ತಿ, ಗಿಲ್ಡಿನ ಶಾಲೆಯೇ ರಾಜನ ಹೊಸ ಶಾಲೆ, ಮೇಷ್ಟ್ರ ಸಂಬಳ ವರ್ಷಕ್ಕೆ 20 ಪೌಂಡ್. ಹತ್ತು ವರ್ಷ ಕಳೆದು ಪುರಸಭೆಯ ಖಜಾಂಚಿಗಳಲ್ಲೊಬ್ಬನಾದ ಜಾನ್ ಷೇಕ್ಸ್‌ಪಿಯರ್ ಗಿಲ್ಡ್ ಚಾಪೆಲಿನ ಚಿತ್ರಗಳನ್ನು ಅಳಿಸಲು 2 ಶಿಲಿಂಗ್ ಖರ್ಚು ಬರೆದ. ಅವನ ಮಗ ವಿಲಿಯಂ ಆಗಿನ್ನೂ ಹುಟ್ಟಿರಲಿಲ್ಲ.

ಎಲ್ಲರಿಗಿಂತ ನಾಜೂಕಾಗಿ ದಾಟಿಕೊಂಡದ್ದು ನಾರ್ವಿಚ್‌ನ ಸೇಂಟ್ ಜಾರ್ಜ್ ಗಿಲ್ಡ್. 1417ರಲ್ಲೇ ರಾಜನ ಸನ್ನದು ಪಡೆದಿದ್ದ ಅದು ಆ ವೇಳೆಗೆ ನಗರಸಭೆಯೊಡನೆ ಹಾಲುನೀರಿನಂತೆ ಬೆರೆತಿತ್ತು. ಪ್ರಾರ್ಥನೆ ಬಿಟ್ಟು, ಊಟ ಮತ್ತು ಮೆರವಣಿಗೆ ಉಳಿಸಿಕೊಂಡು ನಾಗರಿಕ ಕಂಪನಿಯಾಯಿತು. ಎಲಿಜಬೆತ್ ಕಾಲದ ಆರಂಭದಲ್ಲಿ ಅದು ಮಾಡಿದ ಒಂದು ನಿಯಮವನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ: ಇನ್ನು ಮೆರವಣಿಗೆಯಲ್ಲಿ ಸಂತ ಜಾರ್ಜ್ ಇರಕೂಡದು, ಸಂತ ಮಾರ್ಗರೆಟ್ ಇರಕೂಡದು, ಜನರ ಮನರಂಜನೆಗಾಗಿ ಡ್ರ್ಯಾಗನ್ ಮಾತ್ರ ಎಂದಿನಂತೆ ಬರಬಹುದು. ಸ್ನ್ಯಾಪ್ ಎಂಬ ಮುದ್ದಿನ ಹೆಸರಿನ ಆ ಡ್ರ್ಯಾಗನ್ 1835ರವರೆಗೂ ಮೇಯರ್ ಮೆರವಣಿಗೆಯಲ್ಲಿ ಜನರ ಟೋಪಿ ಕಚ್ಚುತ್ತ ಓಡಾಡಿತು. ಕಂಪನಿ ಅಷ್ಟು ಕಾಲ ಬಾಳಲಿಲ್ಲ. ಊಟದ ಖರ್ಚು ಹೊರಲು ಯಾರೂ ಮುಂದೆ ಬಾರದೆ 1731ರಲ್ಲಿ ಅದು ತನ್ನ ಸೊತ್ತನ್ನು ನಗರಸಭೆಗೆ ಒಪ್ಪಿಸಿತು, ಸಾಲವನ್ನು ನಗರಸಭೆಯೇ ತೀರಿಸಿತು.